ಹನ್ನೆರಡು ಗಜ ದಾರಿ

ನನ್ನ ಗಂಡ ಡೆನ್ಜಿಲ್ ಎರಡನೇ ಸಲ ಮೆಟ್ಟಿಲಿನಿಂದ ಬಿದ್ದ ದಿನವೇ ಮನೆ ಮಾರುವುದೆಂದು ತೀರ್ಮಾನಿಸಿದೆವು. ಮೊದಲ ಸಲ ಬಿದ್ದಾಗ ಮೊಣಕೈ ತರಚಿತ್ತಷ್ಟೆ. ಎರಡನೇ ಸಲ, ಶಾಲೆಯ ಅಡುಗೆ ಕೆಲಸ ಮುಗಿಸಿ ನಾನು ಮನೆಗೆ ಬಂದಾಗ, ಅವನು ಮೆಟ್ಟಿಲ ಬುಡದಲ್ಲಿ ಗೋಡೆಗೆ ಒರಗಿ ಕೂತಿದ್ದ. ಎರಡು ಗಂಟೆ ಹಾಗೆಯೇ ಕೂತಿದ್ದನಂತೆ.

"ಫೋನ್ ಯಾಕೆ ಮಾಡ್ಲಿಲ್ಲ?" ಅಂದೆ.

"ಫೋನ್ ಮೇಲಿತ್ತು, ನಾನು ಕೆಳಗಿದ್ದೆ," ಅಂದ.

ನಗಿಸುವುದಕ್ಕೆ ಹೇಳಿದ್ದಲ್ಲ, ಆದರೂ ಇಬ್ಬರೂ ನಕ್ಕೆವು. ಆಮೇಲೆ ನಾನು ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಸ್ವಲ್ಪ ಹೊತ್ತು ಅತ್ತುಬಿಟ್ಟೆ.

ನಮ್ಮದು ಪೋರ್ತ್‌ಲೆವೆನ್ ಬಂದರಿನ ಮೇಲಿನ ಓಣಿಯಲ್ಲಿ, ಎರಡು ಮನೆಗಳ ನಡುವೆ ತುರುಕಿಟ್ಟಂತಹ ಮನೆ. ಒಂದರ ಮೇಲೊಂದರಂತೆ ಮೂರು ಅಂತಸ್ತು, ಒಂದೊಂದರಲ್ಲಿ ಒಂದೊಂದೇ ಕೋಣೆ. ಡೆನ್ಜಿಲ್ ಮೂವತ್ತೊಂದು ವರ್ಷ ಈ ಸುತ್ತಿನ ಹಳ್ಳಿಗಳಲ್ಲಿ ಅಂಚೆ ಹಂಚಿದವನು. ಅರವತ್ತಮೂರನೇ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿಯಿತು. ಮಾತು ವಾಪಸು ಬಂತು, ಕೈಯೂ ಬಂತು. ಎಡಗಾಲು ಮಾತ್ರ ಅವನು ಹೇಳಿದ್ದನ್ನು ಕೇಳುವುದನ್ನು ಬಿಟ್ಟಿತು.

ಮನೆಗೆ ಗಿರಾಕಿ ಬೇಗ ಸಿಕ್ಕಿದರು. ಟ್ರೂರೋ ಆಸ್ಪತ್ರೆಯ ನರ್ಸೊಬ್ಬಳು, ಅವಳ ಗಂಡ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಅವಳಿಗೆ ಆಗ ಐದು ತಿಂಗಳು. ನಮಗೂ ಒಂದು ಮನೆ ಹಿಡಿಸಿತು. ಮೂರು ಮೈಲಿ ಒಳಗೆ, ಟ್ರೆವೆಲ್ವಾ ಎಂಬ ಹಳ್ಳಿಯ ಅಂಚಿನಲ್ಲಿ, ಕ್ಲಾರೆನ್ಸ್ ಎಡ್ಡಿ ಎಂಬ ಹಿರಿಯರ ಮನೆ. ಎಲ್ಲ ಕೋಣೆಗಳೂ ಒಂದೇ ಮಟ್ಟದಲ್ಲಿದ್ದವು. ಬಾಗಿಲವರೆಗೂ ಕಾರು ಹೋಗುತ್ತಿತ್ತು. ಎಡ್ಡಿಯವರು ಪ್ಲಿಮತ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಎಲ್ಲರಿಗೂ ಅವಸರವಿತ್ತು, ಎಲ್ಲರಿಗೂ ಒಪ್ಪಿಗೆಯಿತ್ತು. ಇನ್ನು ಕಾಗದಪತ್ರದ ಕೆಲಸವಷ್ಟೇ ಉಳಿದದ್ದು ಎಂದುಕೊಂಡೆವು.

ಆ ಕೆಲಸವನ್ನು ನನ್ನ ತಂಗಿ ಹೇಳಿದ ಒಂದು ಕಂಪನಿಗೆ ಕೊಟ್ಟೆವು. ಅದು ಎಲ್ಲಿದೆಯೋ ನಮಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲವೂ ಕಂಪ್ಯೂಟರಿನಲ್ಲೇ. ಫೋನ್ ಮಾಡಿದರೆ ಅರ್ಧ ಗಂಟೆ ಪಿಯಾನೊ, ಆಮೇಲೆ ಪ್ರತಿ ಸಲವೂ ಹೊಸ ದನಿ, ಹೊಸ ಹೆಸರು. ಪ್ರತಿ ಸಲವೂ ನಾನು ಮೊದಲಿಂದ ಕಥೆ ಹೇಳಬೇಕು. ಡೆನ್ಜಿಲ್‌ನ ಪಾಸ್‌ಪೋರ್ಟಿನ ನಕಲನ್ನು ಮೂರು ಸಲ ಕೇಳಿದರು. ಆರು ವಾರ ಕಳೆದ ಮೇಲೆ ಒಬ್ಬಾತ, "ನಿಮ್ಮ ಆಸ್ತಿ ವೇಲ್ಸ್‌ನಲ್ಲಿ ತಾನೆ ಇರೋದು?" ಎಂದು ಕೇಳಿದ.

ನಾನು ಫೋನಿಟ್ಟೆ. ಡೆನ್ಜಿಲ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ತಪ್ಪು ವಿಳಾಸ ಬರೆದ ಕಾಗದಾನೂ ನಾನು ಸರಿಯಾದ ಬಾಗಿಲಿಗೆ ಮುಟ್ಟಿಸಿದೀನಿ. ಈ ಪುಣ್ಯಾತ್ಮರಿಗೆ ಸರಿ ವಿಳಾಸ ಕೊಟ್ರೂ ಸಿಗ್ತಿಲ್ವಲ್ಲ," ಅಂದ. ಆಮೇಲೆ, "ಹೆಲ್‌ಸ್ಟನ್‌ನಲ್ಲಿ ಲವ್‌ಡೇ ಕರ್ನೋ ಇನ್ನೂ ಕೆಲಸ ಮಾಡ್ತಿದಾರಾ, ಮೆರಿನ್?" ಎಂದು ಕೇಳಿದ.

ಮಾಡುತ್ತಿದ್ದರು. ಮಿಸ್ ಕರ್ನೋ ಅವರ ಕಚೇರಿ ಹೆಲ್‌ಸ್ಟನ್ನಿನ ಇಳಿಜಾರು ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿತ್ತು. ಅವರ ಅಪ್ಪನೂ ಅಲ್ಲೇ ವಕೀಲರಾಗಿದ್ದರು. ಕಾರು ನಿಲ್ಲಿಸಿ ನೋಡಿದರೆ ಒಳಗೆ ಕಡಿದಾದ ಮೆಟ್ಟಿಲು. ನಾನು ಡೆನ್ಜಿಲ್‌ನನ್ನು ಕಾರಿನಲ್ಲೇ ಬಿಟ್ಟು ಮೇಲೆ ಹೋಗಿ ವಿಷಯ ಹೇಳಿದೆ. ಮಿಸ್ ಕರ್ನೋ ಕಿಟಕಿಯಿಂದ ಒಮ್ಮೆ ಕೆಳಗೆ ನೋಡಿದರು, ಕೋಟು ಹಾಕಿಕೊಂಡರು, ಒಂದು ಖಾಲಿ ಫೈಲು ಹಿಡಿದುಕೊಂಡು ನನಗಿಂತ ಮೊದಲೇ ಮೆಟ್ಟಿಲಿಳಿದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

"ನಮಸ್ಕಾರ ಮಿಸ್ಟರ್ ಪೆಂಗೆಲಿ. ನೀವು ನನ್ನ ಕಾಗದಗಳನ್ನ ಒಂದು ದಿನಾನೂ ನೆನೆಸಿ ತಂದವರಲ್ಲ. ಹೇಳಿ," ಅಂದರು.

ಅವರಿಗೆ ಅರವತ್ತರ ಆಸುಪಾಸು. ಕುಳ್ಳಗೆ, ದಪ್ಪ ಕನ್ನಡಕ. ಫೈಲನ್ನು ಮೊಣಕಾಲ ಮೇಲಿಟ್ಟುಕೊಂಡು, ನಾವು ಹೇಳಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಂಡರು. ಎಷ್ಟು ಶುಲ್ಕವಾಗುತ್ತದೆ, ಯಾವ ಕೆಲಸಕ್ಕೆ ಎಷ್ಟು ದಿನ ಬೇಕು, ಹಳೆಯ ಕಂಪನಿಗೆ ಏನೆಂದು ಬರೆಯಬೇಕು ಎಲ್ಲವನ್ನೂ ಬಿಡಿಸಿ ಹೇಳಿದರು. ಕಾರಿನ ಗಾಜು ಮಂಜುಗಟ್ಟಿತು. ಕೊನೆಗೆ ಪೆನ್ಸಿಲು ನಿಲ್ಲಿಸಿ ಕೇಳಿದರು:

"ಎಡ್ಡಿಯವರ ಗೇಟಿಗೂ ರಸ್ತೆಗೂ ಮಧ್ಯೆ ಒಂದು ಮಣ್ಣಿನ ದಾರಿ ಇದೆಯಲ್ಲ, ಎಷ್ಟುದ್ದ?"

"ಹನ್ನೆರಡು ಗಜ ಇರಬಹುದು," ಅಂದ ಡೆನ್ಜಿಲ್.

"ಯಾರದ್ದು ಅದು?"

"ಎಡ್ಡಿಯವರದ್ದೇ ಇರ್ಬೇಕು," ಅಂದೆ ನಾನು.

"ಇರ್ಬೇಕು ಅನ್ನೋದನ್ನ ನಾನು ಬರ್ಕೊಳಲ್ಲ ಮಿಸೆಸ್ ಪೆಂಗೆಲಿ. ಗುರುವಾರ ಹೋಗಿ ನೋಡ್ತೀನಿ," ಅಂದರು.

ಆ ದಿನ ಮನೆಗೆ ವಾಪಸು ಬರುವಾಗ ನನಗೆ ಎಷ್ಟು ಹಗುರವೆನಿಸಿತೆಂದರೆ, ದಾರಿಯಲ್ಲಿ ಬೇಕರಿಗೆ ಹೋಗಿ ಕೇಸರಿ ಬನ್ನು ನಾಲ್ಕು ಕೊಂಡೆ. ಎರಡೇ ಸಾಕಿತ್ತು.

ಶನಿವಾರ ಬೆಳಿಗ್ಗೆ ಮಿಸ್ ಕರ್ನೋ ತಾವಾಗಿ ನಮ್ಮ ಮನೆಗೆ ಬಂದರು. ಅವರ ಮುಖ ನೋಡಿದಾಗಲೇ ಏನೋ ಇದೆ ಎಂದು ಗೊತ್ತಾಯಿತು. ಮೇಜಿನ ಮೇಲೆ ಹಳದಿಗಟ್ಟಿದ ಒಂದು ಪತ್ರದ ನಕಲು ಹರಡಿದರು.

"ಅರವತ್ತೊಂದನೇ ಇಸವಿಯ ಪತ್ರ ಇದು. ಆ ಮನೆ ಮೊದಲು ಪಕ್ಕದ ಹೊಲದ ಒಂದು ಮೂಲೆ. ಎಡ್ಡಿಯವರ ಅಪ್ಪ ಆ ಮೂಲೆ ಕೊಂಡ್ಕೊಂಡು ಮನೆ ಕಟ್ಟಿಸಿದ್ರು. ನಮ್ಮಪ್ಪ ಬರೆದ ಪತ್ರ, ನಮ್ಮ ಕಚೇರಿ ಕಬ್ಬಿಣದ ಕಪಾಟಲ್ಲೇ ಇತ್ತು. ದಾರಿ ಮಾತ್ರ ಹೊಲದವರ ಹತ್ರಾನೇ ಉಳೀತು. ಮನೆಯವರಿಗೆ ಅದರ ಮೇಲೆ ನಡ್ಕೊಂಡು ಹೋಗೋ ಹಕ್ಕಿದೆ. ಗಾಡಿ ತಗೊಂಡು ಹೋಗೋ ಹಕ್ಕಿಲ್ಲ."

"ಎಡ್ಡಿಯವರು ಐವತ್ತು ವರ್ಷದಿಂದ ಕಾರು ಓಡಿಸ್ತಿದಾರಲ್ಲ," ಅಂದೆ ನಾನು.

"ಹೌದು. ಯಾರನ್ನೂ ಕೇಳದೆ ಸುಮ್ಮನೆ ಓಡಿಸಿದ್ದಿದ್ರೆ ಇಷ್ಟು ಹೊತ್ತಿಗೆ ಅದೇ ಹಕ್ಕಾಗಿರ್ತಿತ್ತು. ಆದ್ರೆ ಗುರುವಾರ ಅವರು ಟೀ ಕೊಟ್ಟು ಖುಷಿಯಾಗಿ ಒಂದು ಮಾತು ಹೇಳಿದ್ರು. ಪ್ರತಿ ಕ್ರಿಸ್ಮಸ್‌ಗೆ ಹೊಲದ ಮನೆಗೆ ಒಂದು ಬಾಟಲಿ ಜಿನ್ ತಗೊಂಡು ಹೋಗ್ತಾರಂತೆ. ದಾರಿ ಬಿಟ್ಟಿದ್ದಕ್ಕೆ. ಅಪ್ಪನ ಕಾಲದಿಂದ ನಡ್ಕೊಂಡು ಬಂದಿದ್ದು. ಅಂದ್ರೆ ಅದು ಕೇಳಿ ಪಡೆದ ಅನುಮತಿ. ಅನುಮತಿ ಮನುಷ್ಯನ ಜೊತೆ ಹೋಗುತ್ತೆ, ಮನೆ ಜೊತೆ ಬರಲ್ಲ. ಮನೆ ಕೊಂಡ ಮಾರನೇ ದಿನ ಹೊಲದವರು ಅಲ್ಲಿ ಎರಡು ಕಲ್ಲು ನೆಟ್ರೂ ನೀವು ಏನೂ ಕೇಳೋ ಹಾಗಿಲ್ಲ."

ಆಂಬ್ಯುಲೆನ್ಸು ರಸ್ತೆಯಲ್ಲೇ ನಿಂತಿರುವುದು, ಡೆನ್ಜಿಲ್ ಆ ಕೆಸರಿನಲ್ಲಿ ಕೋಲೂರಿಕೊಂಡು ಬರುವುದು, ಎಲ್ಲವೂ ನನ್ನ ಕಣ್ಣ ಮುಂದೆ ಬಂತು. "ಇದಕ್ಕೆ ವಿಮೆ ಅಂತ ಏನೋ ಮಾಡಿಸ್ತಾರಂತಲ್ಲ?" ಅಂದೆ.

"ಮಾಡಿಸ್ತಾರೆ. ಆದ್ರೆ ಈ ಬಾಟಲಿ ವಿಷಯ ವಿಮೆಯವರಿಗೆ ಹೇಳಿದ್ರೆ ಅವರು ಕೊಡಲ್ಲ. ಮುಚ್ಚಿಟ್ಟು ತಗೊಂಡ್ರೆ ಬೇಕಾದಾಗ ದಕ್ಕಲ್ಲ. ಅಲ್ಲದೆ ವಿಮೆ ದುಡ್ಡು ಕೊಡುತ್ತೆ, ದಾರಿ ಕೊಡಲ್ಲ. ಇರೋದು ಒಂದೇ ಹಾದಿ. ಹೊಲದವರು ಗಾಡಿ ಹಕ್ಕನ್ನ ಮನೆಗೆ ಖಾಯಂ ಆಗಿ ಬರೆದುಕೊಡಬೇಕು."

"ಆ ಹೊಲ ಈಗ ಯಾರದ್ದು?" ಎಂದು ಡೆನ್ಜಿಲ್ ಕೇಳಿದ.

"ಜಾಕಾ ರೋಸ್‌ವಾರ್ನ್," ಅಂದರು ಮಿಸ್ ಕರ್ನೋ. "ಎರಡು ವರ್ಷದ ಹಿಂದೆ ಅವರ ಅಣ್ಣ ತೀರ್ಕೊಂಡ ಮೇಲೆ ಆ ಹೊಲ ಇವರ ಪಾಲಿಗೆ ಬಂದಿದೆ."

ಡೆನ್ಜಿಲ್ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಇಪ್ಪತ್ತೆರಡು ವರ್ಷಗಳ ಹಿಂದೆ ರೋಸ್‌ವಾರ್ನ್ ಮನೆಯ ಅಂಗಳದಲ್ಲಿ ಅವರ ಕುರಿ ಕಾಯುವ ನಾಯಿ ಬೆಸ್, ಡೆನ್ಜಿಲ್‌ನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಒಂಬತ್ತು ಹೊಲಿಗೆ. ಅಂಚೆ ಕಚೇರಿಯವರು ದೂರು ಕೊಟ್ಟರು. ಅದಕ್ಕೆ ಮುಂಚೆ ಆ ನಾಯಿ ಹಾಲಿನ ಲಾರಿಯವನಿಗೂ ಕಚ್ಚಿದ್ದರಿಂದ, ಅದನ್ನು ಕೊಲ್ಲಿಸಬೇಕೆಂದು ಕೋರ್ಟಿನಲ್ಲಿ ಆಜ್ಞೆಯಾಯಿತು. ಅಂದಿನಿಂದ ಜಾಕಾ ರೋಸ್‌ವಾರ್ನ್ ತನ್ನ ಮನೆಗೆ ಬರುವ ಅಂಚೆಯನ್ನು ತಾನೇ ಊರಿನ ಕಚೇರಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಡೆನ್ಜಿಲ್ ತನ್ನ ಅಂಗಳ ತುಳಿಯಬಾರದೆಂದು. ಪೇಟೆಯಲ್ಲಿ ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ.

ಮಿಸ್ ಕರ್ನೋಗೂ ಈ ಕಥೆ ಗೊತ್ತಿತ್ತು. ಸುತ್ತಿನವರಿಗೆಲ್ಲ ಗೊತ್ತಿತ್ತು.

"ನಾನು ಅವರಿಗೆ ಕಾಗದ ಬರೀತೀನಿ. ನಾನು ನಿಮ್ಮ ವಕೀಲೆ, ಅವರಿಗೆ ಬುದ್ಧಿ ಹೇಳೋ ಹಾಗಿಲ್ಲ. ಅವರು ತಮ್ಮ ವಕೀಲರನ್ನ ಇಟ್ಕೊಬೇಕು. ಆದ್ರೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಬಾಗಿಲು ತಟ್ಟಬಾರದು ಅಂತ ಯಾವ ಕಾನೂನೂ ಹೇಳಲ್ಲ," ಎಂದು ಹೇಳಿ ಎದ್ದರು. ಬಾಗಿಲ ಬಳಿ ನಿಂತು, "ಬೇಡ ಅನ್ನಿಸಿದ್ರೆ ಈ ಮನೆ ಬಿಟ್ಟು ಬೇರೆ ನೋಡೋಣ. ತಿಳಿದೂ ತಿಳಿದೂ ಇದಕ್ಕೆ ಸಹಿ ಹಾಕಿ ಅಂತ ಮಾತ್ರ ನಾನು ನಿಮಗೆ ಹೇಳಲ್ಲ," ಅಂದರು.

ಎರಡು ದಿನ ಡೆನ್ಜಿಲ್ ಕಿಟಕಿಯ ಬಳಿ ಕೂತು ದೋಣಿಗಳನ್ನು ನೋಡಿದ. ನರ್ಸ್ ಫೋನ್ ಮಾಡಿದಳು. ಮನೆ ಸಾಲಕ್ಕೆ ಬ್ಯಾಂಕಿನವರು ಅವಳಿಗೆ ಕೊಟ್ಟ ಗಡುವು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅವಳು ಒತ್ತಾಯ ಮಾಡಲಿಲ್ಲ, ಬರೀ ಕೇಳಿದಳು. ಅದೇ ಹೆಚ್ಚು ಕಷ್ಟವಾಯಿತು. ಮಂಗಳವಾರ ಊಟವಾದ ಮೇಲೆ ಡೆನ್ಜಿಲ್ ಟೋಪಿ ತೆಗೆದುಕೊಂಡು, "ಕಾರು ತೆಗಿ, ಮೆರಿನ್," ಅಂದ.

ರೋಸ್‌ವಾರ್ನ್ ಹಾಲು ಕರೆಯುವ ಕೊಟ್ಟಿಗೆಯ ನೆಲಕ್ಕೆ ಪೈಪಿನಿಂದ ನೀರು ಹಾಯಿಸುತ್ತಿದ್ದ. ಎಪ್ಪತ್ತು ದಾಟಿದ ಒಣಕಲು ಮನುಷ್ಯ. ನಮ್ಮನ್ನು ನೋಡಿದರೂ ನೀರು ನಿಲ್ಲಿಸಲಿಲ್ಲ. ಡೆನ್ಜಿಲ್ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದುಕೊಂಡು ಅಂಗಳ ದಾಟಿದ.

"ಏನು, ನನಗೆ ಕಾಗದ ಬಂದಿದೆಯಾ?" ಅಂದ ರೋಸ್‌ವಾರ್ನ್.

"ಇಲ್ಲ. ನಾನೇ ಬಂದೆ."

"ಕಾಲಿಗೇನಾಯ್ತು? ಇನ್ನೊಂದು ನಾಯಿ ಕಚ್ತಾ?"

"ಇದು ತಲೆಯಿಂದ ಇಳಿದಿದ್ದು, ಜಾಕಾ. ಪಾರ್ಶ್ವವಾಯು."

ರೋಸ್‌ವಾರ್ನ್ ಪೈಪನ್ನು ಇನ್ನೊಂದು ಮೂಲೆಗೆ ತಿರುಗಿಸಿದ. "ದಾರಿ ಬೇಕು ಅಂತ ಬಂದಿದ್ದೀಯ. ಎಡ್ಡಿ ಹೇಳ್ದ."

"ದಾರಿ ವಿಷಯ ಲವ್‌ಡೇ ಕರ್ನೋ ಬರೀತಾರೆ. ನಾನು ಬೆಸ್ ವಿಷಯ ಮಾತಾಡೋಕೆ ಬಂದೆ."

ಆ ಹೆಸರು ಕೇಳಿದ ಕೂಡಲೇ ಅವನು ತಲೆಯೆತ್ತಿದ. ಡೆನ್ಜಿಲ್ ನಿಂತಲ್ಲಿಂದಲೇ ಮಾತಾಡಿದ. ಪಾರ್ಶ್ವವಾಯುವಾದ ಮೇಲೆ ಅವನ ಮಾತು ಸ್ವಲ್ಪ ನಿಧಾನ.

"ಆಫೀಸಿನವರು ಬರೆಸಿದ್ರು, ನಾನು ಸಹಿ ಹಾಕ್ದೆ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಬಂದೆ. ಅದು ಅರ್ಧ ನಿಜ. ಅಂಗಳದಲ್ಲಿ ಸುಮ್ಮನೆ ಬರ್ತಿದ್ದಾಗ ಮೇಲೆ ಬಿತ್ತು ಅಂತ ಬರೆದವನು ನಾನೇ. ಹಾಗಾಗಿರ್ಲಿಲ್ಲ. ಮಳೆ ಬರ್ತಿತ್ತು. ಸುತ್ತಿ ಬರೋಕೆ ಸೋಮಾರಿತನ. ಹಿಂದಿನ ಕೊಟ್ಟಿಗೆ ಚಿಲಕ ನಾನೇ ತೆಗೆದು ಒಳಗಿಂದ ಹಾದುಹೋದೆ. ಅದು ಒಳಗೆ ಮರಿ ಹಾಕ್ಕೊಂಡು ಮಲಗಿತ್ತು. ನನ್ನ ಕಾಲು ಮರಿಗಳ ಹತ್ರ ಹೋಯ್ತು. ಯಾವ ತಾಯಿ ಸುಮ್ಮನಿರ್ತಾಳೆ? ಕೆಲಸ ಹೋದೀತು ಅಂತ ಹೆದ್ರಿ ಆ ಮಾತು ಬರೀಲಿಲ್ಲ. ಕೊಲ್ಲಿಸ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ."

ಈ ಮಾತನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನೂ ಕೇಳಿರಲಿಲ್ಲ. ಅವನ ತೋಳನ್ನು ಬಿಡಬೇಕೋ ಹಿಡಿಯಬೇಕೋ ಒಂದು ಕ್ಷಣ ತಿಳಿಯಲಿಲ್ಲ, ಹಿಡಿದುಕೊಂಡೇ ನಿಂತೆ.

ರೋಸ್‌ವಾರ್ನ್ ಗೋಡೆಯವರೆಗೆ ನಡೆದುಹೋಗಿ ನಲ್ಲಿ ನಿಲ್ಲಿಸಿದ. "ಚಿಲಕ ತೆಗೆಯೋಕೆ ನಾಯಿಗೆ ಬರಲ್ಲ. ಕೋರ್ಟಲ್ಲೂ ಅದನ್ನೇ ಹೇಳ್ದೆ. ಅಂಚೆಯವನು ಸುಳ್ಳು ಹೇಳ್ತಾನಾ ಅಂತ ನಕ್ಕರು," ಅಂದ. ನಮ್ಮ ಕಡೆ ನೋಡದೆ ಪೈಪನ್ನು ಸುತ್ತತೊಡಗಿದ. "ನಾಲ್ಕು ಮರಿ. ಬಾಟಲೀಲಿ ಹಾಲು ಕುಡಿಸ್ದೆ. ಮೂರು ಉಳೀತು." ಪೈಪು ಪೂರ್ತಿ ಸುತ್ತಿ ಮೊಳೆಗೆ ನೇತುಹಾಕಿದ ಮೇಲೆ, "ಇವನನ್ನ ಕರ್ಕೊಂಡು ಹೋಗು ಮೆರಿನ್, ನೆಲ ಒದ್ದೆಯಾಗಿದೆ, ಜಾರ್ತಾನೆ," ಎಂದು ಹೇಳಿ ಒಳಗೆ ಹೋಗಿಬಿಟ್ಟ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕಾರು ಹತ್ತಿ ಒಂದು ಮೈಲಿ ಬಂದಿದ್ದೆವು.

"ನನಗಾದ್ರೂ ಹೇಳ್ಬಹುದಿತ್ತು," ಅಂದೆ ಕೊನೆಗೆ.

"ನಿನಗೇ ಹೇಳೋಕಾಗ್ಲಿಲ್ಲ," ಅಂದ. "ಆ ಗಾಯಕ್ಕೆ ದಿನಾ ಬಟ್ಟೆ ಕಟ್ತಿದ್ದೆಯಲ್ಲ. ಅಯ್ಯೋ ಪಾಪ ಅಂತ."

ನನಗೆ ಸಿಟ್ಟು ಬಂದಿತ್ತು, ಅದು ಸುಳ್ಳಲ್ಲ. ಆದರೆ ಆ ರಾತ್ರಿ ಅವನು ಎಷ್ಟೋ ತಿಂಗಳಿಂದ ಮಲಗದ ಹಾಗೆ ಮಲಗಿದ. ಬೆಳಿಗ್ಗೆ ನಾನೇ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಬುಧವಾರ ಹೋಯಿತು, ಗುರುವಾರ ಹೋಯಿತು. ಮಿಸ್ ಕರ್ನೋ ದಿನಕ್ಕೊಂದು ಸಲ ತಾವೇ ಫೋನ್ ಮಾಡಿ, "ಇವತ್ತೂ ಏನಿಲ್ಲ. ಏನಿಲ್ಲ ಅಂತ ಹೇಳೋಕೇ ಮಾಡ್ದೆ," ಅನ್ನುತ್ತಿದ್ದರು. ಏನೂ ಇಲ್ಲದ ಆ ಫೋನು ಎಷ್ಟು ಧೈರ್ಯ ಕೊಡುತ್ತಿತ್ತೆಂದು ಪಿಯಾನೊ ಕೇಳಿ ಕಾದವರಿಗೇ ಗೊತ್ತು. ನಾನು ಶಾಲೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದರೂ ಕಿವಿಯೆಲ್ಲ ಆ ಫೋನಿನ ಮೇಲೆ.

ಶುಕ್ರವಾರ ಮಧ್ಯಾಹ್ನ ಫೋನು ಬಂತು. ನಾನು ಏಪ್ರನ್ನಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ಹೋದೆ.

"ಪೆನ್ಜಾನ್ಸ್‌ನಿಂದ ರೋಸ್‌ವಾರ್ನ್ ಅವರ ವಕೀಲರು ಬರೆದಿದಾರೆ," ಅಂದರು ಮಿಸ್ ಕರ್ನೋ. "ಓದ್ಲಾ?"

"ಒಪ್ಪಿದ್ರಾ ಇಲ್ವಾ, ಅಷ್ಟು ಮೊದಲು ಹೇಳಿ."

"ಒಪ್ಪಿದಾರೆ. ಗಾಡಿ ಹಕ್ಕು, ಮನೆಗೆ, ಖಾಯಂ ಆಗಿ. ಅವರ ವಕೀಲರ ಶುಲ್ಕ ಎಡ್ಡಿಯವರು ಕೊಡ್ತಾರಂತೆ. ಅದು ಬಿಟ್ರೆ ರೋಸ್‌ವಾರ್ನ್ ದುಡ್ಡು ಏನೂ ಕೇಳಿಲ್ಲ."

ನಾನು ಅಲ್ಲೇ ಇದ್ದ ಹಾಲಿನ ಕ್ರೇಟಿನ ಮೇಲೆ ಕೂತುಬಿಟ್ಟೆ.

"ಎರಡು ಷರತ್ತಿದೆ," ಎಂದು ಅವರು ಮುಂದುವರಿಸಿದರು. "ಒಂದು, ಬೆಳಿಗ್ಗೆ ಸಂಜೆ ಹಸು ದಾಟೋ ಹೊತ್ತಲ್ಲಿ ನಿಮ್ಮ ಗೇಟು ಹಾಕಿರಬೇಕು. ಇದು ಸರಿಯಾದದ್ದೇ. ಎರಡನೇದು... ಇಷ್ಟು ವರ್ಷದಲ್ಲಿ ನಾನು ಇಂಥದ್ದು ಬರೆದಿಲ್ಲ. ಹೊಲದ ನಾಯಿಗಳು ಆ ದಾರೀಲಿ ಓಡಾಡೋಕೆ, ಕೂರೋಕೆ, ಮಲಗೋಕೆ ಮನೆಯವರು ಯಾವತ್ತೂ ಅಡ್ಡಿ ಮಾಡಬಾರದು. ಅವು ಎದ್ದು ಹೋಗೋವರೆಗೆ ಗಾಡಿಯವರು ಕಾಯಬೇಕು. ಅವರ ವಕೀಲರು ಬೇಡ ಅಂದ್ರಂತೆ. ಇಲ್ಲ, ಇದಿಲ್ಲದೆ ಸಹಿ ಹಾಕಲ್ಲ ಅಂದ್ರಂತೆ ರೋಸ್‌ವಾರ್ನ್. ಡೆನ್ಜಿಲ್ ಅವರನ್ನ ಕೇಳಿ ಹೇಳ್ತೀರಾ?"

ಮನೆಗೆ ಹೋಗಿ ಡೆನ್ಜಿಲ್‌ನನ್ನು ಕೇಳಿದೆ.

"ಬರೀಲಿ. ಒಂದಕ್ಷರಾನೂ ಬಿಡದೆ ಬರೀಲಿ," ಅಂದ.

ಆಮೇಲಿನದೆಲ್ಲ ಸರಸರನೆ ನಡೆಯಿತು. ಬೇರೆ ಬೇರೆ ಊರಿನ ವಕೀಲರು ಒಂದೇ ಮಧ್ಯಾಹ್ನ ಒಬ್ಬರಿಗೊಬ್ಬರು ಫೋನ್ ಮಾಡಿ ಕರಾರುಗಳನ್ನು ವಿನಿಮಯ ಮಾಡಿಕೊಂಡು ಮಾರಾಟ ಪಕ್ಕಾ ಮಾಡಿದರು. ನರ್ಸಿನ ಗಡುವಿಗೆ ಇನ್ನೂ ನಾಲ್ಕು ದಿನ ಉಳಿದಿತ್ತು. ಸಹಿ ಮಾಡಿಸಲು ಮಿಸ್ ಕರ್ನೋ ಮತ್ತೆ ನಮ್ಮ ಕಾರಿನ ಹಿಂದಿನ ಸೀಟಿಗೇ ಬಂದರು. ಪುಟದಿಂದ ಪುಟಕ್ಕೆ ಬೆರಳಿಟ್ಟು, ಎಲ್ಲಿ ಏನಿದೆಯೆಂದು ಓದಿ ಹೇಳಿದರು. ಅವಸರ ಮಾಡಲಿಲ್ಲ. ಕೊನೆಯ ಸಹಿಯಾದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ನಮ್ಮಪ್ಪ ಈ ದಾರಿನ ಹಾಗೇ ಯಾಕೆ ಬಿಟ್ರೋ ಗೊತ್ತಿಲ್ಲ. ಅಂತೂ ಈಗ ಸರಿಯಾಯ್ತು," ಅಂದರು. ಅವರಿಗೂ ಒಂದು ಭಾರ ಇಳಿದಂತಿತ್ತು.

ಮನೆ ಬದಲಾಯಿಸಿದ್ದು ಮುಂದಿನ ಶುಕ್ರವಾರ. ಸಾಮಾನು ಹೊತ್ತ ವ್ಯಾನು ಪೋರ್ತ್‌ಲೆವೆನ್‌ನಲ್ಲೇ ಕಾಯುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮಿಸ್ ಕರ್ನೋ ಫೋನ್ ಮಾಡಿ, "ಮನೆ ನಿಮ್ಮದಾಯ್ತು. ಹೊರಡಿ," ಅಂದರು. ನರ್ಸ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಬೀಗದ ಕೈ ಕೊಟ್ಟು ಅವಳನ್ನು ತಬ್ಬಿಕೊಂಡೆ. ಮೆಟ್ಟಿಲ ಬಗ್ಗೆ ಜೋಪಾನ ಎಂದು ಮೂರು ಸಲ ಹೇಳಿದೆ.

ಟ್ರೆವೆಲ್ವಾ ತಲುಪಿದಾಗ ಆ ಮಣ್ಣಿನ ದಾರಿಯ ನಟ್ಟನಡುವೆ ಕಪ್ಪು ಬಿಳಿ ಬಣ್ಣದ ಕುರಿನಾಯಿಯೊಂದು ಬಿಸಿಲಿಗೆ ಮೈಚಾಚಿ ಮಲಗಿತ್ತು. ಹಿಂದೆ ವ್ಯಾನಿನವನು ಹಾರ್ನ್ ಮಾಡಲು ಹೊರಟ. ಡೆನ್ಜಿಲ್ ಕಿಟಕಿಯಿಂದ ಕೈ ಹೊರಗೆ ಹಾಕಿ ತಡೆದ. ಬೇಲಿಯಾಚೆ ಟ್ರ್ಯಾಕ್ಟರಿನ ಮೇಲೆ ರೋಸ್‌ವಾರ್ನ್ ಕೂತಿದ್ದ. ನಮ್ಮನ್ನು ನೋಡುತ್ತಿದ್ದನೋ ನಾಯಿಯನ್ನೋ ಹೇಳುವುದು ಕಷ್ಟ. ಆರೇಳು ನಿಮಿಷ ನಾವೆಲ್ಲರೂ ಕಾದೆವು. ಆಮೇಲೆ ನಾಯಿ ಎದ್ದಿತು, ಮೈ ಮುರಿಯಿತು, ಬೇಲಿಯ ಸಂದಿಯಲ್ಲಿ ನುಸುಳಿಹೋಯಿತು. ರೋಸ್‌ವಾರ್ನ್ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದ. ನಮ್ಮ ಕಡೆ ಅದು ನಮಸ್ಕಾರ. ಡೆನ್ಜಿಲ್ ಟೋಪಿ ಮುಟ್ಟಿಕೊಂಡ.

ಸಂಜೆ ಐದಕ್ಕೆ ವ್ಯಾನಿನವರು ಹೋದರು. ನಾನು ಪೆಟ್ಟಿಗೆಗಳ ನಡುವೆ ಸೋಫಾದ ಮೇಲೆ ಬಿದ್ದುಕೊಂಡು, ಐದು ನಿಮಿಷ ಕಣ್ಣು ಮುಚ್ಚುತ್ತೇನೆ ಎಂದುಕೊಂಡವಳು ನಿದ್ದೆಹೋದೆ. ಎಚ್ಚರವಾದಾಗ ಬಾಗಿಲಲ್ಲಿ ಕೋಲಿನ ಸದ್ದು. ಡೆನ್ಜಿಲ್ ಒಂದು ಕೈಯಲ್ಲಿ ಕೋಲೂರಿಕೊಂಡು, ಇನ್ನೊಂದರಲ್ಲಿ ಕಪ್ಪು ಸಾಸರು ಹಿಡಿದುಕೊಂಡು, ನಾಲಿಗೆ ಕಚ್ಚಿ, ಅಡುಗೆಮನೆಯಿಂದ ಹೆಜ್ಜೆ ಹೆಜ್ಜೆಯಾಗಿ ಬರುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಅವನು ತಾನಾಗಿ ಟೀ ಮಾಡಿ ತಂದದ್ದು ಅದೇ ಮೊದಲು. ಎದ್ದು ಇಸಿದುಕೊಳ್ಳಲು ಕಾಲು ಕೆಳಗಿಟ್ಟೆ, ಆಮೇಲೆ ಬೇಡವೆನಿಸಿ ಸುಮ್ಮನೆ ಕೂತೆ.

ಅರ್ಧ ಟೀ ಸಾಸರಿನಲ್ಲೇ ಇತ್ತು. "ಸಕ್ಕರೆ ಯಾವ ಪೆಟ್ಟಿಗೇಲಿದೆಯೋ ಸಿಗ್ಲಿಲ್ಲ," ಅಂದ.

"ಪರವಾಗಿಲ್ಲ, ಹೀಗೇ ಚೆನ್ನಾಗಿದೆ," ಎಂದು ಹೇಳಿ ಕಪ್ಪಿನಲ್ಲಿದ್ದದ್ದನ್ನೂ ಕುಡಿದೆ, ಸಾಸರಿನಲ್ಲಿದ್ದದ್ದನ್ನೂ ಕುಡಿದೆ.